ಹುಳ ಸಾಯದ ಎಣ್ಣೆ

ಬೆಳಗಿನಿಂದ ಬೈಗುಳ ಕೇಳಿ ಕೇಳಿ ಕೀಟನಾಶಕದ ಅಂಗಡಿಯ ಗುರಪಾದಪ್ಪನಿಗೆ ಸಾಕಾಗಿ ಹೋಗಿತ್ತು. ಬೆಳೆಗೆ ಹೊಡೆಯುವ ಹಳೆಯ ಎಣ್ಣೆಯನ್ನು ಸರಕಾರ ನಿಷೇಧಿಸಿದಾಗಿನಿಂದ, ಹೊಸದಕ್ಕೆ ಹುಳ ಸಾಯುವುದಿಲ್ಲವೆಂದು ಬಂದವರೆಲ್ಲ ಅವನ ಮೇಲೇ ಹರಿಹಾಯುತ್ತಿದ್ದರು. ಈಗ ಒಬ್ಬ ಹೆಂಗಸು ಆ ಹೊಸ ಎಣ್ಣೆಯ ಬಾಟಲಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತಿದ್ದಳು.

"ಗೊತ್ತೈತಿ ಬಿಡ ಅಕ್ಕಾ, ಇದರಾಗ ಕಸುವಿಲ್ಲ," ಎಂದ.



ಅವನು ದನಿ ತಗ್ಗಿಸಿದ. "ಹಳೇದು ಒಂದು ಡಬ್ಬಿ ಒಳಗೈತಿ. ಯಾರ ಮುಂದೂ ಹೇಳಬ್ಯಾಡ. ಕೊಡ್ಲೇನು?"

"ಬ್ಯಾಡ್ರಿ ಅಣ್ಣಾರ. ಅದನ್ನ ಯಾರಿಗೂ ಕೊಡಬ್ಯಾಡ್ರಿ," ಎಂದಳು ಅವಳು. "ಮೊನ್ನೆ ನನ್ನ ಮಗಳು ಸಿಟ್ಟಿನಾಗ ಕುಡದಿದ್ದು ಇದನ್ನ. ಇವತ್ತ ದವಾಖಾನ್ಯಾಗ ಎದ್ದು ಕುಂತು ಗಂಜಿ ಕೇಳಿದ್ಲು."