ಪೂಜೆಯಾದ ಬಂದೂಕು

ಬಳ್ಳಾರಿಯಲ್ಲಿ ದಂಡಿನ ಹಳೆಯ ಸಾಮಾನುಗಳ ಹರಾಜು ನಡೆದಿತ್ತು. ಯಲಬುರ್ಗಾದ ಅರಳೆ ವ್ಯಾಪಾರಿ ಉಮಾಪತಿ ಗುರಿ ಹೊಡೆಯುವ ಹವ್ಯಾಸಕ್ಕೆ ಒಂದು ಬಂದೂಕು ಕೊಳ್ಳಲು ಬಂದಿದ್ದ. ಯುದ್ಧ ಮುಗಿದು ಪಲ್ಟನ್ನಿನಿಂದ ಊರಿಗೆ ಮರಳಿ ಅವನಲ್ಲೇ ಕೆಲಸಕ್ಕಿದ್ದ ಮರ್ದಾನಸಾಬ ಜೊತೆಗಿದ್ದ. ಅವನು ಒಂಬತ್ತು ಬಂದೂಕುಗಳ ನಳಿಗೆಗಳನ್ನು ಬೆಳಕಿಗೆ ಹಿಡಿದು ಇಣುಕಿ, ಹತ್ತನೆಯದನ್ನು ಕೈಗೆ ಕೊಟ್ಟ.

"ಇದನ್ನ ತಗೋರಿ ಧಣೇರ. ನಮ್ಮಿಬ್ಬರಿಗಿಂತ ವಯಸ್ಸಾಗೇತಿ, ಆದ್ರ ನಳಗಿ ಛಲೋ ಐತಿ. ಒಂದ ಮಾತು. ಗುಂಡು ಹಾಕೂ ಮುಂದ ಪ್ರತಿ ಸಲ ನಾ ನೋಡಬೇಕು."

"ನನ್ನ ಹೆಂಡ್ತೀನೂ ನನ್ನ ಇಷ್ಟು ಕಾಯಂಗಿಲ್ಲೋ."

"ಆಕಿ ಕೈಯಾಗ ಲಟ್ಟಣಿಗಿ ಅಷ್ಟ ಇರ್ತೈತ್ರಿ."

ಒಂದು ಜೀವವನ್ನೂ ಹೊಡೆಯುವುದಿಲ್ಲವೆಂದು ತಾಯಿ ಕಳಕಮ್ಮ ಮಗನಿಂದ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡ ಮೇಲೆಯೇ ಬಂದೂಕು ಮನೆಯೊಳಗೆ ಬಂತು. ಉಮಾಪತಿ ಮಾತಿಗೆ ತಪ್ಪಲಿಲ್ಲ. ಊರಾಚೆ ಗುಡ್ಡದ ಬುಡದಲ್ಲಿ ಹಲಗೆ ನೆಟ್ಟು, ಸುಣ್ಣದ ಬೊಟ್ಟಿಟ್ಟು, ಅದಕ್ಕೇ ಹೊಡೆಯುತ್ತಿದ್ದ.

ಮಹಾನವಮಿಯ ಖಂಡೆ ಪೂಜೆಯ ದಿನ ಕಳಕಮ್ಮ ತಕ್ಕಡಿ, ಕುಡುಗೋಲುಗಳ ಸಾಲಿನಲ್ಲಿ ಬಂದೂಕನ್ನೂ ಇಟ್ಟು ವಿಭೂತಿ ಬಳಿದಳು. ಪೂಜೆಗಿಟ್ಟದ್ದು ಬರಿದಾಗಿರಬಾರದೆಂದು ನಳಿಗೆಯ ಬಾಯಿಗೆ ಒಂದು ಅರಿಶಿನ ಕೊಂಬು ತುರುಕಿ, ಕಡ್ಡಿಯಿಂದ ಒಳಕ್ಕೆ ನೂಕಿದಳು. ಅದನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೆ ತೋರಲಿಲ್ಲ.

ಮರುದಿನ ಬೆಳಿಗ್ಗೆ, ಬನ್ನಿ ಕೊಡುವ ಮೊದಲು ಹಬ್ಬದ ಒಂದು ಗುಂಡು ಹೊಡೆದು ಬರೋಣವೆಂದು ಉಮಾಪತಿ ಹೊರಟ. ಬಾಗಿಲಲ್ಲಿ ಮರ್ದಾನಸಾಬ ವಾಡಿಕೆಯಂತೆ ಬಂದೂಕಿಗೆ ಕೈ ಚಾಚಿದ.

"ಇವತ್ತೊಂದಿನ ಮುಟ್ಟಬ್ಯಾಡೋ ಯಪ್ಪಾ," ಎಂದಳು ಕಳಕಮ್ಮ. "ಪೂಜಿ ಆಗೈತಿ."

ಅವನು ಕೈ ಹಿಂದಕ್ಕೆ ತೆಗೆದ. "ಆತ್ರಿ ಅವ್ವಾರ. ಧಣೇರ, ನೀವರ ಒಮ್ಮಿ ನೋಡ್ಕೊರಿ."

"ನಿನ್ನೆಯಿಂದ ದೇವರ ಮುಂದ ಕುಂತಿದ್ದಕ್ಕ ಏನಾಕ್ಕೈತೋ?" ಎಂದು ಉಮಾಪತಿ ನಕ್ಕು ಮುಂದೆ ನಡೆದ.

ಗುಡ್ಡದ ಬುಡದಲ್ಲಿ ಮೊದಲ ಗುಂಡಿಗೇ ನಳಿಗೆ ಸೀಳಿತು. ಕಬ್ಬಿಣದ ಚೂರೊಂದು ಅವನ ಕುತ್ತಿಗೆಗೆ ನಾಟಿತು. ಜೊತೆಗೆ ಹೋಗಿದ್ದ ಮರ್ದಾನಸಾಬ ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದಾಗ ಉಸಿರಿರಲಿಲ್ಲ.

ಮಧ್ಯಾಹ್ನ ಪೊಲೀಸ್ ಅಮೀನ ಬಂದು, ಸೀಳಿದ ನಳಿಗೆಯನ್ನು ಬಿಸಿಲಿಗೆ ತಿರುವಿ ನೋಡಿದ. ಒಳಮೈಗೆ ಹಳದಿ ಹತ್ತಿತ್ತು. ಕಂಬಕ್ಕೊರಗಿ ಕುಳಿತಿದ್ದ ಕಳಕಮ್ಮನಿಗೂ ಅದು ಕಂಡಿತು. ಅವಳ ಅಳು ನಿಂತುಹೋಯಿತು. ಅದನ್ನು ಮರ್ದಾನಸಾಬ ಗಮನಿಸಿದ.

"ಏನಿದು ಹಳದಿ?" ಎಂದು ಅಮೀನ ಕೇಳಿದ.

"ಜಂಗ ಹಿಡದೈತ್ರಿ ಸಾಹೇಬ್ರ," ಎಂದ ಮರ್ದಾನಸಾಬ. "ಹಳೇ ಕಬ್ಬಿಣ."

"ಹೊಡ್ಯೂ ಮುಂದ ನಳಗಿ ಯಾರು ನೋಡಿದ್ರು?"

"ನಾನ ನೋಡೀನ್ರಿ. ಸಾಫ್ ಐತಿ, ಹೊಡೀರಿ ಅಂದಾಂವನೂ ನಾನ. ಕಸೂರು ನಂದು."

"ತಿಳದು ಮಾತಾಡು. ಹಿಂಗ ಬರಕೊಂಡ್ರ ನಿನ್ನ ಒಳಗ ಹಾಕಬೇಕಾಗ್ತೈತಿ."

"ಬರಕೋರಿ."

ಅಮೀನ ಬರೆದು ಮುಗಿಸಿ, ಕಾಗದವನ್ನೂ ಮಸಿಯನ್ನೂ ಮುಂದೆ ಸರಿಸಿದ. ಮರ್ದಾನಸಾಬ ಕಳಕಮ್ಮನ ಕಡೆ ತಿರುಗಿಯೂ ನೋಡದೆ ಹೆಬ್ಬೆರಳು ಒತ್ತಿದ. ಅವಳು ಕಂಬ ಹಿಡಿದು ಎದ್ದಳು. ಅಂಗಳದ ತುಂಬ ನೆರೆದಿದ್ದ ಜನ ದಾರಿ ಬಿಟ್ಟರು. ಏನೋ ಹೇಳಲಿದ್ದಾಳೆಂದು ಅಮೀನನೂ ತಲೆ ಎತ್ತಿದ. ಅವಳ ತುಟಿಗಳು ಎರಡು ಸಲ ಅಲುಗಿದವು. ಆಮೇಲೆ ಅವಳು ಬಾಗಿ, ಮರ್ದಾನಸಾಬನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಅವನ ಹೆಬ್ಬೆರಳಿನ ಮಸಿಯನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು.