ರೊಕ್ಕಾಮೊರಾದ ಪಾದ್ರಿಯ ವಿಚಾರಣೆ

"ನೀವೇ ನೋಡಿ ಸ್ವಾಮಿ, ಇದು ಜಪಮಾಲೆ ಹಿಡಿದ ಕೈಯಾ?"

ಗುಮಾಸ್ತ ನೂತೋ ಪಾದ್ರಿಯ ಅಂಗೈಯನ್ನು ಒರಟಾಗಿ ತಿರುಗಿಸಿ ತೋರಿಸಿದ. ಜಡ್ಡುಗಟ್ಟಿದ ಕೈ. ನಗರಾಧಿಕಾರಿ ಬೊನ್ಕಾಂತೆ ಬಗ್ಗಿ ನೋಡಿದ.

ಮಹಾಮಾರಿ ರೊಕ್ಕಾಮೊರಾದ ಒಂಬತ್ತು ಪುರಪ್ರಮುಖರಲ್ಲಿ ಎಂಟು ಜನರನ್ನು ನುಂಗಿತ್ತು, ಒಂಬತ್ತನೆಯವನು ಓಡಿಹೋಗಿದ್ದ. ಬಿಷಪ್ಪರು ಬೆಟ್ಟದ ಮೇಲಿನ ಮನೆ ಸೇರಿ ಅಲ್ಲಿಂದಲೇ ನಮಗಾಗಿ ಪ್ರಾರ್ಥಿಸುತ್ತಿದ್ದರಂತೆ, ದೊಡ್ಡ ಮನಸ್ಸು! ಊರಿಗೆ ದಿಕ್ಕಾಗಿ ಉಳಿದದ್ದು ಇಬ್ಬರೇ. ಮೇ ತಿಂಗಳಲ್ಲಿ ಎಲ್ಲಿಂದಲೋ ಬಂದು ಸತ್ತ ಪಾದ್ರಿಯ ಜಾಗದಲ್ಲಿ ನಿಂತ ಈ ಉಗೊಲಿನೊ. ಜೂನಿನಲ್ಲಿ ನೇಮಕದ ಪತ್ರ ಹಿಡಿದು ಬಂದ ಬೊನ್ಕಾಂತೆ. ಊರಿನವನಾದರೆ ನೆಂಟರ ಕಡೆ ವಾಲುತ್ತಾನೆಂದು ನಾವು ಅಧಿಕಾರಿಯನ್ನು ಸದಾ ಮುಖ ಪರಿಚಯವಿಲ್ಲದ ಪರ ಊರಿನಿಂದಲೇ ಕರೆಸುವುದು. ಪರಿವಾರವೆಲ್ಲ ದಾರಿಯಲ್ಲೇ ಸತ್ತಿತಂತೆ, ಆತ ಒಬ್ಬನೇ ಬಂದಿದ್ದ. ಆದರೂ ಬಂದ ದಿನವೇ ಕಣಜ ತೆರೆಸಿ, ಹಸಿದವರಿಗೆ ಕಾಳು ಹಂಚಿಸಿದ್ದ.

ಹೊರಗೆ ತೆಸ್ಸಾ ಬಾಗಿಲು ಬಡಿಯುತ್ತಿದ್ದಳು. "ನನ್ನ ಗಂಡ ಮೇಲುಸಿರು ಬಿಡ್ತಿದಾನೆ! ಪಾಪ ಹೇಳ್ಕೊಳ್ದೆ ಸತ್ರೆ ನರಕಾನೇ ಗತಿ. ಪಾದ್ರಿನ ಕಳಿಸ್ರೋ!"

"ಮಂತ್ರ ಅರ್ಧಕ್ಕೇ ನುಂಗ್ತಾನೆ ಸ್ವಾಮಿ," ಎಂದ ನೂತೋ. "ಸಾಯೋವಾಗ ನಮ್ಮಮ್ಮನ ಪಾಪ ಕೇಳಿ ಕಳಿಸಿಕೊಟ್ಟಿದ್ದೂ ಇವನೇ. ಇವನು ಸುಳ್ಳು ಪಾದ್ರಿಯಾದ್ರೆ ಅವಳ ಗತಿ ಏನು? ಗಲ್ಲಿನ ಆಜ್ಞೆ ಬರೆದು ತಂದಿದೀನಿ, ಮುದ್ರೆ ಒತ್ತಿ."

ಬೊನ್ಕಾಂತೆ ಹಾಳೆಯ ಮೇಲೆ ಕಣ್ಣೂ ಹಾಯಿಸಲಿಲ್ಲ. "ನೀನೇ ಓದಿ ಹೇಳು."

ಪೂರ್ತಿ ಕೇಳಿ, ಗುಮಾಸ್ತನನ್ನು ಹೊರಗೆ ಕಳಿಸಿದ.

"ಈಗ ನಿಜ ಹೇಳು. ಯಾರು ನೀನು?"

"ಕುದುರೆ ಕಾಯೋನು. ಧಣಿ ಜೊತೆ ಈ ಊರಿಗೇ ಬರ್ತಿದ್ದೆ, ದಾರೀಲಿ ಅವರು ತೀರಿಹೋದ್ರು. ಇಲ್ಲಿಗೆ ಬಂದ್ರೆ ಸಾಯೋರೆಲ್ಲ ಪಾದ್ರಿ ಪಾದ್ರಿ ಅಂತ ಕೂಗ್ತಿದ್ರು. ಸುಮ್ನಿರೋಕಾಗ್ಲಿಲ್ಲ."

"ಇದಕ್ಕೆ ಗಲ್ಲೇ ಶಿಕ್ಷೆ, ಗೊತ್ತಾ?"

"ಗೊತ್ತು. ತೆಸ್ಸಾ ಗಂಡನ್ನ ನೋಡಿ ಬಂದ್ಮೇಲೆ ಹಾಕ್ಸಿ."

"ಯಾರು ನಿನ್ನ ಧಣಿ?"

ಉಗೊಲಿನೊ ಮೊದಲ ಸಲ ತಲೆಯೆತ್ತಿದ. "ಬೊನ್ಕಾಂತೆ ಅಂತ. ನದಿ ದಂಡೇಲಿ ನಾನೇ ಹೂತೆ. ನಿಲುವಂಗಿ, ನೇಮಕದ ಪತ್ರ ಎಲ್ಲಾ ಪೆಟ್ಟಿಗೆ ಸಮೇತ ಅಲ್ಲೇ ಬಿಟ್ಟು ಬಂದಿದ್ದೆ. ನೀವು ಬಂದ ದಿನವೇ ಗೊತ್ತಾಯ್ತು, ಆದ್ರೆ ಊರಿಗೆ ಯಾರಾದ್ರೂ ಒಬ್ರು ಬೇಕಿತ್ತಲ್ಲ."

ಅಧಿಕಾರಿ ಎದ್ದು ತಾನೇ ಬಾಗಿಲು ತೆರೆದ. "ಹೋಗಿ ಬನ್ನಿ ಫಾದರ್," ಎಂದ, "ಆಮೇಲೆ ನನ್ನ ಪಾಪಾನೂ ಒಂದಿಷ್ಟು ಕೇಳೋದಿದೆ."