ಕೊನೆಯ ತಕರಾರು

೨೦೨೩ರ ಮಾರ್ಚ್ ೧೪, ಮಂಗಳವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ. ಹೊಸ ವಿದ್ಯುತ್ ಮಾರ್ಗದ ಅಹವಾಲು ಸಭೆಯಲ್ಲಿ ಇನ್ನೊಂದೇ ತಕರಾರು ಉಳಿದಿತ್ತು. ಅದು ಗೆದ್ದರೆ ಎರಡು ವರ್ಷದ ಸರ್ವೆಯೆಲ್ಲ ನೀರುಪಾಲು. ಸರ್ವೆ ಮಾಡಿದ್ದ ಇಂಜಿನಿಯರ್ ಸುಧೀಂದ್ರ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕುಳಿತಿದ್ದ.

"ನಮ್ಮ ಅತ್ತಿಗೆವ್ವ ಗಂಡ ಇಲ್ಲದಾಕಿ ರೀ," ಎಂದು ತಕರಾರು ಕೊಟ್ಟಿದ್ದ ಕಳಕವ್ವನ ಮೈದುನ ಗುಡುಗಿದ. "ನಮ್ಮಿಬ್ಬರ ಹೆಸರಿನ್ಯಾಗ ಇರೂದು ಅದೊಂದ ಹೊಲ. ಅದರ ಉದ್ದಕ್ಕೂ ತಂತಿ ಎಳದು ಆಕಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ!"

ಅಹವಾಲು ಕೇಳುತ್ತಿದ್ದ ಅಧಿಕಾರಿ ಅವನ ಪಕ್ಕದಲ್ಲಿದ್ದ ಕಳಕವ್ವನತ್ತ ತಿರುಗಿದರು. "ನೀವೇ ಹೇಳಿ, ತಾಯಿ."

ಕಳಕವ್ವ ಸೆರಗು ಸರಿಮಾಡಿಕೊಂಡು ಸುಧೀಂದ್ರನನ್ನೇ ದಿಟ್ಟಿಸಿದಳು. "ಸಾಹೇಬ್ರ, ತಂತಿ ಕೆಳಗ ಜ್ವಾಳ ಬಿತ್ತಾಕ ಬರತೈತೇನ್ರಿ?"

"ಬರುತ್ತಮ್ಮ."

"ಮನಿ ಕಟ್ಟಾಕ?"

ಸುಧೀಂದ್ರನಿಗೆ ಒಂದು ಕ್ಷಣ ಮಾತು ತೇಲಿಸಿಬಿಡೋಣ ಎನಿಸಿತು. ಆದರೂ ಇದ್ದದ್ದನ್ನೇ ಹೇಳಿದ. "ಇಲ್ಲಮ್ಮ. ತಂತಿಯ ಕೆಳಗಿನ ಮೂವತ್ತೈದು ಮೀಟರ್ ಅಗಲದ ಪಟ್ಟಿಯಲ್ಲಿ ಯಾರೂ ಒಂದು ಗೋಡೆಯನ್ನೂ ಎಬ್ಬಿಸುವಂತಿಲ್ಲ."

"ಕೇಳಿದ್ರ್ಯಲ್ಲ!" ಮೈದುನ ಮೇಜು ಗುದ್ದಿದ. "ಅತ್ತಿಗೆವ್ವ, ಬ್ಯಾಡ ಅಂತ ಒಂದ ಮಾತು ಹೇಳಿಬಿಡು, ಮನಿಗೆ ಹೋಗೂಣು."

ಸುಧೀಂದ್ರ ನಕ್ಷೆ ಸುತ್ತತೊಡಗಿದ.

"ನೀ ಬಾಯಿ ಮುಚ್ಚು," ಎಂದಳು ಕಳಕವ್ವ. "ಸಾಹೇಬ್ರ, ನಾ ಬಿತ್ತೂ ಹೊಲಾನ ಈತ ಪ್ಲಾಟ್ ಮಾಡಿ ಮಾರಾಕ ನಿಂತಾನ. ಹೊಲದ ನಟ್ಟ ನಡಬರಕ ತಂತಿ ಹಾಯಸ್ರಿ."

ಅಧಿಕಾರಿ ಕನ್ನಡಕ ತೆಗೆದರು. "ಸುಧೀಂದ್ರ, ಆ ಹೊಲದ ಅಗಲ ಎಷ್ಟು?"

"ಮೂವತ್ತೆರಡು ಮೀಟರ್, ಸರ್."